ಸಿದ್ದಣ್ಣನಿಗೆ ನಾನು ಕೊಟ್ಟ ತಲೆಸುತ್ತು

ಅವತ್ತು ತಲೆ ಸುತ್ತಿದ್ದು ಸಿದ್ದಣ್ಣನಿಗಲ್ಲ, ನನಗೆ. ಏಣಿಯ ಮೇಲಿದ್ದವನು ಅವನು, ಕೆಳಗೆ ಏಣಿ ಹಿಡಿದು ನಿಂತಿದ್ದವನು ನಾನು. ಅವನು ಬಿದ್ದ. ಬಿದ್ದವನಿಗೇ ತಲೆ ಸುತ್ತಿತ್ತು ಎಂದು ನಾನು ಹೇಳಿದೆ. ಸೇರಿದ ಜನ ನಂಬಿದರು, ಡಾಕ್ಟರು ನಂಬಿದರು — ಕೊನೆಗೆ ಅವನೇ ನಂಬಿದ. ಇವತ್ತಿಗೂ ನಂಬಿಕೊಂಡೇ ಇದ್ದಾನೆ.

ಇದನ್ನು ಬರೆಯಲು ಕೂತಾಗ, ಮೊದಲು ನಮ್ಮ ಕಸುಬಿನ ಬಗ್ಗೆ ಹೇಳೋಣ, ಆಮೇಲೆ ನಿಧಾನವಾಗಿ ಈ ಮಾತಿಗೆ ಬರೋಣ ಅಂದುಕೊಂಡಿದ್ದೆ. ಆದರೆ ನನ್ನ ಬುದ್ಧಿ ನನಗೆ ಗೊತ್ತಿಲ್ಲವೇ. ನಿಧಾನವಾಗಿ ಬರೋಣ ಅಂದರೆ ನಾನು ಬರುವ ಪೈಕಿಯೇ ಅಲ್ಲ. ಅದಕ್ಕೇ ಮೊದಲೇ ಕಕ್ಕಿಬಿಟ್ಟೆ. ಈಗ ಉಳಿದದ್ದನ್ನು ಹೇಳುತ್ತೇನೆ.

ನಮ್ಮದು ಲೈಟಿಂಗ್ ಕೆಲಸ. ಮದುವೆ ಛತ್ರ, ಗಣೇಶನ ಪೆಂಡಾಲು, ಹೊಸದಾಗಿ ಬಾಗಿಲು ತೆರೆಯುವ ಅಂಗಡಿ — ಸೀರಿಯಲ್ ಸೆಟ್ ಕಟ್ಟಬೇಕು ಅಂದರೆ ನಮ್ಮನ್ನು ಕರೆಯುತ್ತಾರೆ. ಆದರೆ ಮೈಸೂರಿನಲ್ಲಿ ಈ ಕೆಲಸದವನಿಗೆ ವರ್ಷ ಅಂದರೆ ದಸರಾ. ನೀವು ಮಕ್ಕಳನ್ನು ಕರೆದುಕೊಂಡು ದೀಪ ನೋಡಲು ಹೊರಟು, ರಸ್ತೆಯ ಮಧ್ಯೆ ತಲೆ ಎತ್ತಿ ಒಂದು ಗಳಿಗೆ ನಿಲ್ಲುತ್ತೀರಲ್ಲ, ಆ ಒಂದು ಗಳಿಗೆಗಾಗಿ ನಾವು ವಾರಗಟ್ಟಲೆ ತಲೆ ಎತ್ತಿಕೊಂಡೇ ಇರುತ್ತೇವೆ. ನಮ್ಮವರಲ್ಲಿ ಕತ್ತು ನೆಟ್ಟಗಿರುವವನನ್ನು ಹುಡುಕಬೇಕು.

ನನ್ನನ್ನು ಈ ಕೆಲಸಕ್ಕೆ ತಂದವನು ಸಿದ್ದಣ್ಣ. ಇಬ್ಬರೂ ಇಲವಾಲದ ಕಡೆಯವರೇ. ಪಿಯುಸಿ ಫೇಲಾಗಿ ದೇವರಾಜ ಮೊಹಲ್ಲಾದ ಒಂದು ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಬಲ್ಬಿನ ಧೂಳು ಒರೆಸಿಕೊಂಡು ನಿಂತಿದ್ದ ನನ್ನನ್ನು ಅವನು ನೋಡಿದ. ಇಲ್ಲಿ ನಿಂತು ಏನು ಉದ್ಧಾರ ಆಗುತ್ತೀಯ, ಬಾ ಎಂದ. ಹೋದೆ. ಸ್ವಂತ ಅಣ್ಣನೂ ಅಷ್ಟು ತಾಳ್ಮೆಯಿಂದ ಕಲಿಸುತ್ತಿರಲಿಲ್ಲ. ಮದುವೆಗೆ ಹೆಣ್ಣು ನೋಡಲು ಬಂದವನೂ ಅವನೇ.

ಏಣಿ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಮೇಲೆ ಹತ್ತಿದವನ ಬಾಯಲ್ಲಿ ಟೇಪು, ಕೈಯಲ್ಲಿ ವೈರು, ಕೆಳಗೆ ರಸ್ತೆಯಲ್ಲಿ ಗಾಡಿಗಳ ಗಲಾಟೆ. ಅವನು ಕೂಗಿ ಹೇಳಲಾರ. ಅದಕ್ಕೆ ಅವನು ಕಾಲಿನಲ್ಲಿ ಮಾತಾಡುತ್ತಾನೆ. ಹಿಮ್ಮಡಿಯಿಂದ ಮೆಟ್ಟಿಲು ತಟ್ಟಿದರೆ, ವೈರು ಸಡಿಲ ಬಿಡು ಎಂದು ಅರ್ಥ. ಒಂದು ಕಾಲನ್ನು ಮೆಟ್ಟಿಲಿನಿಂದ ತೆಗೆದು ಗಾಳಿಗೆ ಚಾಚಿದರೆ, ನಾನು ಈ ಕಡೆ ವಾಲುತ್ತಿದ್ದೇನೆ, ನೀನು ಆ ಕಡೆಗೆ ಭಾರ ಹಾಕು ಎಂದು. ಆದ್ದರಿಂದ ಏಣಿ ಹಿಡಿದವನು ಮೇಲಿನವನ ಹಿಮ್ಮಡಿಯಿಂದ ಕಣ್ಣು ಕೀಳುವ ಹಾಗಿಲ್ಲ. ಏಣಿ ಹಿಡಿಯುವುದರಲ್ಲಿ ಕೈಗಿಂತ ಕಣ್ಣಿಗೇ ಕೆಲಸ ಎಂದು ಸಿದ್ದಣ್ಣ ಮೊದಲ ದಿನವೇ ಹೇಳಿಕೊಟ್ಟಿದ್ದ. ನಾನು ಕಲಿಯುವ ತನಕ ಹತ್ತುತ್ತಿದ್ದವನು ಅವನೇ, ಹತ್ತಿದ ಮೇಲೆ ಕೆಳಗೆ ತಿರುಗಿ ನೋಡಿದ್ದೇ ಇಲ್ಲ. ನಾನು ನೋಡುತ್ತಿರುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ಆ ವರ್ಷ ಗಣೇಶನ ಹಬ್ಬದ ಹೊತ್ತಿಗೆ ನನಗೆ ಶುರುವಾಯಿತು. ಬೆಳಿಗ್ಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಸೂರು ತಿರುಗುತ್ತಿತ್ತು. ತಲೆ ಎತ್ತಿದರೆ ನಿಂತ ನೆಲವೇ ಪಕ್ಕಕ್ಕೆ ಜಾರುತ್ತಿತ್ತು, ಹೊಟ್ಟೆ ತೊಳಸಿ ಬಾಯಲ್ಲಿ ನೀರೂರುತ್ತಿತ್ತು. ಕತ್ತು ನೋವು, ಬಲಗೈ ಜೋಮು ಹಿಂದಿನಿಂದಲೂ ಇದ್ದದ್ದೇ. ಯಾರಿಗೂ ಹೇಳದೆ ಒಂದು ಕ್ಲಿನಿಕ್ಕಿಗೆ ಹೋದೆ. ಎಕ್ಸ್‌ರೇ ತೆಗೆಸಿದರು. ಕತ್ತಿನ ಕೆಳಗಿನ ಮೂಳೆಗಳ ನಡುವೆ ಡಿಸ್ಕ್ ಸವೆದಿದೆ, ತಲೆಸುತ್ತು ಅದರಿಂದಲೇ ಇರಬಹುದು, ಸ್ವಲ್ಪ ದಿನ ಎತ್ತರ ಹತ್ತಬೇಡಿ, ತಲೆ ಮೇಲೆತ್ತಿ ಕೆಲಸ ಮಾಡಬೇಡಿ ಅಂದರು. ದಸರಾ ಬಾಗಿಲಲ್ಲಿ ಬಂದು ನಿಂತಿದೆ, ನನಗೆ ತಲೆ ಎತ್ತಬೇಡಿ ಅಂತೆ. ನಗು ಬಂತು. ಅಳುವೂ ಬಂತು ಅನ್ನಿ.

ತಲೆ ಸುತ್ತುವವನು ಎಂದು ಒಮ್ಮೆ ಹೆಸರು ಬಿತ್ತೋ, ನಮ್ಮ ಕಸುಬಿನಲ್ಲಿ ಅವನ ಕಥೆ ಮುಗಿಯಿತು. ಅವನು ಏಣಿ ಹತ್ತಿದರೆ ಯಾರೂ ಹಿಡಿಯುವುದಿಲ್ಲ, ಅವನು ಹಿಡಿದರೆ ಯಾರೂ ಹತ್ತುವುದಿಲ್ಲ. ಅದು ದ್ವೇಷ ಅಲ್ಲ, ಜೀವಭಯ. ನನಗೆ ಆಗ ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ. ಕೆಲಸ ಹೋದರೆ ಮತ್ತೆ ಬಲ್ಬಿನ ಧೂಳು ಒರೆಸುವುದಕ್ಕೆ — ಇಲ್ಲ, ಕಾರಣ ಹೇಳುತ್ತಾ ಹೋದರೆ ಅದು ನೆಪ ಆಗುತ್ತದೆ. ಸುಳ್ಳು ಹೇಳಿದೆ, ಅಷ್ಟೇ. ಕೈ ಜೋಮು ಹಿಡಿಯುತ್ತಿದೆ ಅಣ್ಣ, ಈ ಸಲ ನಾನು ಕೆಳಗೆ ಹಿಡಿಯುತ್ತೇನೆ, ನೀನು ಹತ್ತು ಎಂದೆ. ಕೆಲಸ ಕಲಿತಾದ ಮೇಲೂ ವಯಸ್ಸಿನಲ್ಲಿ ದೊಡ್ಡವನು ಹತ್ತುವುದು, ಚಿಕ್ಕವನು ಹಿಡಿಯುವುದು ನಮ್ಮಲ್ಲಿ ಇಲ್ಲ. ಸಿದ್ದಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಮದ್ವೆ ಆದ್ಮೇಲೆ ಮೈ ಭಾರ ಆಗದೆ ನಿಂಗೆ. ಆಯ್ತು ಬುಡು, ನಾನೇ ಹತ್ತತೀನಿ."

ಹಾಗೆ ನಾನು ಕೆಳಗೆ ನಿಂತೆ. ಆದರೆ ಕೆಳಗೆ ನಿಂತವನೂ ತಲೆ ಎತ್ತಲೇಬೇಕಲ್ಲ. ಎತ್ತಿದರೆ ಲೋಕ ತಿರುಗುತ್ತದೆ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ತಲೆ ತಗ್ಗಿಸಿ, ನನ್ನ ಕಾಲ ಹತ್ತಿರದ ನೆಲವನ್ನೇ ದಿಟ್ಟಿಸಿಕೊಂಡು, ಏಣಿಯ ಬಿದಿರಿನಲ್ಲಿ ಇಳಿದು ಬರುವ ನಡುಕವನ್ನು ಅಂಗೈಯಲ್ಲೇ ಕೇಳಿಸಿಕೊಳ್ಳುವುದು. ಹಿಮ್ಮಡಿ ತಟ್ಟಿದರೆ ಒಂದು ಥರ, ಕಾಲು ತೆಗೆದು ವಾಲಿದರೆ ಇನ್ನೊಂದು ಥರ. ಕೆಲವೇ ದಿನಗಳಲ್ಲಿ ಎಷ್ಟು ಪಳಗಿದೆ ಅಂದರೆ ಒಂದು ಸಲವೂ ತಪ್ಪಲಿಲ್ಲ. ನಾಚಿಕೆಗೇಡಿನ ಮಾತು ಹೇಳುತ್ತೇನೆ — ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು.

ಆ ದಿನ ಕೆಲಸ ಸರಸ್ವತಿಪುರಂನಲ್ಲಿ. ಮಧ್ಯಾಹ್ನ ಊಟ ಮುಗಿಸಿ ಬಂದಿದ್ದೆವು. ರಸ್ತೆ ಬದಿಯ ಮರದ ಒಂದು ಕೊಂಬೆಯಿಂದ ಆಚೆಯ ಕೊಂಬೆಗೆ ದೀಪದ ಸರ ಎಳೆಯಬೇಕಿತ್ತು. ನಾನು ಏಣಿ ಹಿಡಿದು ನಿಂತ ಜಾಗದ ಪಕ್ಕದಲ್ಲೇ ಒಂದು ಲೈಟು ಕಂಬ. ಟ್ಯುಟೋರಿಯಲ್ ಬಿಟ್ಟು ಮಕ್ಕಳು ಹೋಗುತ್ತಿದ್ದರು. ಮೇಲೆ ಸಿದ್ದಣ್ಣ ಎಡಗಾಲನ್ನು ಮೆಟ್ಟಿಲಿನಿಂದ ತೆಗೆದು ಚಾಚಿದ್ದಾನೆ — ಇದು ನನಗೆ ಆಮೇಲೆ ಎದುರಿನ ಹೋಟೆಲಿನವರು ಹೇಳಿ ಗೊತ್ತಾಗಿದ್ದು, ನಾನು ನೋಡಿಲ್ಲ. ನಾನು ನೆಲ ನೋಡುತ್ತಿದ್ದೆ. ಅದೇ ಹೊತ್ತಿಗೆ ಸಿಟಿ ಬಸ್ಸೊಂದು ಮೈಗೆ ತಾಗುವಷ್ಟು ಹತ್ತಿರ ಹೋಯಿತು, ಹೋಟೆಲಿನವರಿಗೆ ನಾವು ಮರೆಯಾದೆವು. ಏಣಿ ನಡುಗಿತು. ಬಸ್ಸಿನ ನಡುಕ ಅಂದುಕೊಂಡೆ. ನಾನು ಭಾರ ಹಾಕಬೇಕಾಗಿದ್ದ ಕಡೆಗೆ ಭಾರ ಹಾಕಲಿಲ್ಲ.

ಏಣಿ ವಾಲಿತು. ಆಗ, ಅಷ್ಟು ವರ್ಷದ ಅಭ್ಯಾಸ ನೋಡಿ, ನಾನು ತಲೆ ಎತ್ತಿಬಿಟ್ಟೆ.

ಮರ, ಆಕಾಶ, ಸಿದ್ದಣ್ಣ ಎಲ್ಲ ಒಟ್ಟಿಗೇ ತಿರುಗಿತು. ಬೀಳುತ್ತಿದ್ದೇನೆ ಅನ್ನಿಸಿತು. ಬೀಳುತ್ತಿದ್ದವನು ನಾನಲ್ಲ, ಆದರೂ ಹಾಗನ್ನಿಸಿತು. ನನ್ನ ಎರಡೂ ಕೈ ಏಣಿಯನ್ನು ಬಿಟ್ಟು ಪಕ್ಕದ ಕಂಬವನ್ನು ತಬ್ಬಿಕೊಂಡವು. ಕೈಗಳು ತಾವಾಗಿಯೇ ಹೋದವು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈ ನನ್ನದಲ್ಲದೆ ಇನ್ಯಾರದ್ದು. ಕಂಬ ಗಟ್ಟಿಯಾಗಿತ್ತು, ತಣ್ಣಗಿತ್ತು, ಅದಕ್ಕೆ ಕೆನ್ನೆ ಒತ್ತಿ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಸಿದ್ದಣ್ಣ ಫುಟ್‌ಪಾತಿನ ಕಲ್ಲಿನ ಮೇಲೆ ಬಿದ್ದಿದ್ದ. ಸೀರಿಯಲ್ ಸೆಟ್ಟು ಅವನ ಮೈಗೆ ಸುತ್ತಿಕೊಂಡಿತ್ತು.

ಜನ ಸೇರಿದರು. ಯಾರೋ ನೀರು ತಂದರು, ಯಾರೋ ಆಟೋ ನಿಲ್ಲಿಸಿದರು. ಹೆಂಗಪ್ಪಾ ಬಿದ್ದರು ಎಂದು ಒಬ್ಬರು ಕೇಳಿದರು. ನಾನು ಯೋಚನೆ ಮಾಡಲಿಲ್ಲ. ಮಾತು ತುದಿನಾಲಿಗೆಯಲ್ಲಿ ಸಿದ್ಧವಾಗಿತ್ತು, ಯಾಕೆಂದರೆ ಅದು ವಾರಗಳಿಂದ ನನ್ನ ಹೊಟ್ಟೆಯೊಳಗೇ ಇದ್ದ ಮಾತು.

"ಬೆಳಿಗ್ಗೆಯಿಂದಾನೂ ತಲೆ ಸುತ್ತು ಅಂತಿದ್ದ. ಹತ್ತಬೇಡ ಅಂದೆ, ಕೇಳ್ಲಿಲ್ಲ."

ಮೊದಲನೆಯದು ಹೆದರಿಕೆಯಲ್ಲಿ ಬಂದ ಸುಳ್ಳು ಅನ್ನಬಹುದು. ಎರಡನೆಯದು? ಹತ್ತಬೇಡ ಅಂದೆ, ಕೇಳಲಿಲ್ಲ — ಅದನ್ನು ಯಾರೂ ಕೇಳಿರಲಿಲ್ಲ. ನಾನೇ ಸೇರಿಸಿದೆ.

ಆಸ್ಪತ್ರೆಯಲ್ಲಿ ತೊಡೆ ಮೂಳೆ ಮುರಿದಿದೆ, ತಲೆಗೂ ಪೆಟ್ಟಾಗಿದೆ ಅಂದರು. ಎಚ್ಚರವಾದಾಗ ಸಿದ್ದಣ್ಣನಿಗೆ ಆ ಇಡೀ ದಿನ ನೆನಪಿರಲಿಲ್ಲ. ಬೆಳಿಗ್ಗೆ ತಿಂದ ತಿಂಡಿ ಕೂಡ. ಡಾಕ್ಟರು ನನ್ನನ್ನು ಕೂರಿಸಿ, ತಲೆಸುತ್ತು ಹೇಗೆ ಬರುತ್ತಿತ್ತು ಎಂದು ವಿಚಾರಿಸಿದರು. ನಾನು ಒಂದೂ ಬಿಡದೆ ಹೇಳಿದೆ. ತಲೆ ಎತ್ತಿದಾಗ ನೆಲ ಜಾರುವುದು, ಮಗ್ಗುಲು ಬದಲಿಸಿದರೆ ಸೂರು ತಿರುಗುವುದು, ಕತ್ತು ನೋವು, ಕೈ ಜೋಮು. ನನ್ನ ಕಾಯಿಲೆಯನ್ನು ಅಷ್ಟು ವಿವರವಾಗಿ ನಾನು ನನ್ನ ಡಾಕ್ಟರಿಗೂ ಹೇಳಿರಲಿಲ್ಲ. ಪಕ್ಕದಲ್ಲಿ ಸಿದ್ದಣ್ಣನ ಹೆಂಡತಿ ಜಯಮ್ಮ ಅತ್ತಿಗೆ ಸೆರಗು ಬಾಯಿಗೆ ಒತ್ತಿಕೊಂಡು ಕೇಳುತ್ತಾ ನಿಂತಿದ್ದರು.

ಕತ್ತಿನ ಸ್ಕ್ಯಾನ್ ಆಯಿತು. ಸಿದ್ದಣ್ಣನ ಡಿಸ್ಕೂ ಸವೆದಿತ್ತು. ಸವೆಯದೆ ಏನು, ಆ ಕೆಲಸ ಅಂಥದ್ದು. ಆ ಡಾಕ್ಟರು ಒಳ್ಳೆಯವರು, ಹುಷಾರಿನವರು. ಈ ವಯಸ್ಸಿಗೆ ಡಿಸ್ಕ್ ಸವೆತ ಎಷ್ಟೋ ಜನರಲ್ಲಿ ಕಾಣುತ್ತದೆ, ತಲೆಸುತ್ತಿಗೆ ಅದೇ ಕಾರಣ ಎಂದು ಬರೀ ಚಿತ್ರ ನೋಡಿ ಹೇಳಲಾಗುವುದಿಲ್ಲ ಅಂದರು. ಆಮೇಲೆ ನನ್ನ ಮುಖ ನೋಡಿ, ಕತ್ತು ಎತ್ತಿದಾಗಲೇ ಬರುತ್ತಿತ್ತು ಅನ್ನುವುದು ಖಂಡಿತಾ ತಾನೇ ಎಂದು ಇನ್ನೊಮ್ಮೆ ಕೇಳಿದರು. ಬಾಗಿಲು ತೆಗೆದು ಹಿಡಿದ ಹಾಗೆ ಕೇಳಿದರು. ಹೌದು ಸಾರ್, ನಾನೇ ನೋಡಿದ್ದೇನೆ ಎಂದೆ. ಸಿದ್ದಣ್ಣನ ಕತ್ತಿಗೆ ಬೆಲ್ಟ್ ಬಿತ್ತು.

ತೊಡೆ ಕೂಡಿಕೊಂಡಿತು. ಸ್ವಲ್ಪ ಕುಂಟು ಉಳಿಯಿತು, ಅಷ್ಟೇ. ಆ ಕಾಲಿನಲ್ಲಿ ಅವನು ಏಣಿ ಹತ್ತದಿದ್ದರೂ ಕೆಳಗೆ ನಿಂತು ಹತ್ತು ಜನರಿಗೆ ಕೆಲಸ ಹೇಳಬಹುದಿತ್ತು. ಆದರೆ ತಲೆ ಸುತ್ತುವವನು ಎಂಬ ಹೆಸರು ಊರೆಲ್ಲ ಹಬ್ಬಿತ್ತು. ಕರೆಯುವುದನ್ನು ಜನ ನಿಲ್ಲಿಸಿದರು. ನನಗೆ ಬರಬೇಕಾಗಿದ್ದ ಹಣೆಬರಹ ಅಕ್ಷರ ತಪ್ಪದೆ ಅವನಿಗೆ ಬಂತು. ಒಣಗಿದ ಬಟ್ಟೆ ತರಲು ಅತ್ತಿಗೆ ಅವನನ್ನು ತಾರಸಿಗೂ ಕಳಿಸುತ್ತಿರಲಿಲ್ಲ. ಮೇಲಿನ ಗೂಡಿನ ಡಬ್ಬ ತೆಗೆಯಲೂ ಬಿಡುತ್ತಿರಲಿಲ್ಲ. ಸ್ವಲ್ಪ ದಿನಕ್ಕೆ ಬೆಲ್ಟ್ ತೆಗೆಯಿರಿ ಎಂದು ಡಾಕ್ಟರು ಹೇಳಿದ್ದರು. ಅವನು ತೆಗೆಯಲಿಲ್ಲ. ತೆಗೆದರೆ ಮತ್ತೆ ಬೀಳುತ್ತೇನೆ ಎಂಬ ಭಯ.

ಆಮೇಲೆ, ಇದನ್ನು ಹೇಗೆ ಬರೆಯಲಿ, ಅವನಿಗೆ ನಿಜವಾಗಿಯೂ ತಲೆ ಸುತ್ತತೊಡಗಿತು. ಡಾಕ್ಟರ ಮುಂದೆ ನಾನು ಒಪ್ಪಿಸಿದ್ದೆನಲ್ಲ, ಅವೆಲ್ಲ ಒಂದೊಂದಾಗಿ ಅವನ ಬಾಯಿಂದಲೇ ಕೇಳಿದೆ. ನಿಂತರೆ ತೂಗಿದ ಹಾಗೆ, ನಡೆದರೆ ನೆಲ ಮೆತ್ತಗಾದ ಹಾಗೆ. ಹೆದರಿಕೆಯಿಂದಲೋ, ತಲೆಗೆ ಬಿದ್ದ ಪೆಟ್ಟಿನಿಂದಲೋ, ವರ್ಷಗಟ್ಟಲೆ ಕತ್ತು ಆಡಿಸದೆ ಬಿಗಿದುಕೊಂಡದ್ದರಿಂದಲೋ, ಬಿಡಿಸಿ ಹೇಳುವಷ್ಟು ಓದಿದವನಲ್ಲ ನಾನು. ಅವನ ಮನೆಗೆ ಹೋದಾಗಲೆಲ್ಲ ಅವನು ನನ್ನ ಕೈ ಹಿಡಿದು, ನಿನ್ನ ಮಾತು ಕೇಳದೆ ಹತ್ತಿಬಿಟ್ಟೆ, ನನ್ನಿಂದ ನಿನಗೂ ಕೆಟ್ಟ ಹೆಸರು ಬಂತು, ಮನಸ್ಸಿನಲ್ಲಿ ಇಟ್ಟುಕೊಳ್ಳಬೇಡ ಅನ್ನುತ್ತಿದ್ದ. ನಾನು ತಲೆ ಬಗ್ಗಿಸಿ ಅತ್ತಿಗೆ ಕೊಟ್ಟ ಕಾಫಿ ಕುಡಿಯುತ್ತಿದ್ದೆ.

ನನ್ನ ತಲೆಸುತ್ತು ಹೋಗಿ ಬಂದು ಮಾಡುತ್ತಿತ್ತು. ಕೆಲವು ವರ್ಷ ಅದನ್ನು ಮುಚ್ಚಿಟ್ಟುಕೊಂಡೇ ಕೆಲಸ ಮಾಡಿದೆ, ಸ್ವಿಚ್ ಬೋರ್ಡಿನ ಕೆಲಸ ಕೇಳಿ ಹಾಕಿಸಿಕೊಂಡೆ. ಒಂದು ಬೆಳಿಗ್ಗೆ ಎದ್ದು ನಿಲ್ಲಲೇ ಆಗದಾಗ ಹೆಂಡತಿ ಹಟ ಹಿಡಿದು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಆ ಡಾಕ್ಟರಮ್ಮ ನನ್ನನ್ನು ಮಂಚದ ಮೇಲೆ ದಢಕ್ಕನೆ ಮಲಗಿಸಿ ತಲೆಯನ್ನು ಒಂದು ಕಡೆ ತಿರುಗಿಸಿದರು, ಕಣ್ಣು ನೋಡಿದರು, ಇನ್ನೊಂದು ಕಡೆ ತಿರುಗಿಸಿದರು, ಮಗ್ಗುಲಾಗಿಸಿ ಎಬ್ಬಿಸಿ ಕೂರಿಸಿದರು. ಅದೇ ಚಿಕಿತ್ಸೆ. ಕತ್ತಿನ ಸವೆತ ಇದೆ, ನೋವು ಜೋಮು ಅದರದ್ದು, ಆದರೆ ಈ ಸುತ್ತು ಅದರದ್ದಲ್ಲ, ಕಿವಿಯ ಒಳಗಿನದು ಅಂದರು. ಇನ್ನೊಂದು ಸಲ ಹೋಗಿ ಹಾಗೇ ಮಾಡಿಸಿಕೊಂಡು ಬಂದೆ. ರಸ್ತೆಗಿಳಿದು ಹೆದರಿ ಹೆದರಿ ತಲೆ ಎತ್ತಿದೆ. ಮರ ಮರದ ಹಾಗೆ ನಿಂತಿತ್ತು.

ಸಂತೋಷ ಆಗಲಿಲ್ಲ. ನನ್ನ ಮೇಲೆ ನನಗೆ ಹೇಸಿಗೆ ಆಯಿತು. ಒಂದು ಮಂಚ, ಒಬ್ಬ ಡಾಕ್ಟರು, ತಲೆ ಆ ಕಡೆ ಈ ಕಡೆ — ಇಷ್ಟಕ್ಕೆ ಹೋಗುವಂಥದ್ದನ್ನು ಮುಚ್ಚಿಟ್ಟು ನಾನು ಒಬ್ಬನ ಬಾಳು ತೆಗೆದಿದ್ದೆ. ಬಾಯಿ ಬಿಟ್ಟಿದ್ದರೆ ಆ ದಸರಾಕ್ಕೇ ನಾನು ಏಣಿಯ ಮೇಲಿರುತ್ತಿದ್ದೆ. ಸಿದ್ದಣ್ಣ ಕೆಳಗೆ ನಿಂತು ನನ್ನ ಹಿಮ್ಮಡಿ ನೋಡುತ್ತಿರುತ್ತಿದ್ದ.

ಸಿದ್ದಣ್ಣನನ್ನೂ ಅದೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದೆ. ಅವನಲ್ಲಿ ಕಿವಿಯ ತೊಂದರೆ ಇಲ್ಲ ಅಂದರು. ಬೆಲ್ಟ್ ತೆಗೆಯಬೇಕು, ಕತ್ತಿಗೆ ವ್ಯಾಯಾಮ ಬೇಕು, ದಿನಾ ನಡೆಯಬೇಕು, ಎಲ್ಲಕ್ಕಿಂತ ಮೊದಲು ಬೀಳುತ್ತೇನೆ ಎಂಬ ಭಯ ಹೋಗಬೇಕು ಎಂದು ಹೇಳಿದರು. ಅವನು ಹೊರಗೆ ಬಂದವನೇ ಬೆಲ್ಟ್ ಬಿಗಿದುಕೊಂಡ. ಅವರು ಓದಿರಬಹುದು, ಆದರೆ ತಲೆ ಸುತ್ತಿ ಬಿದ್ದವನು ನಾನು ತಾನೇ ಎಂದ. ಅವನ ಭಯದ ಬೇರು ಎಲ್ಲಿದೆ ಎಂದು ಗೊತ್ತಿದ್ದವನು ನಾನೊಬ್ಬನೇ. ಅವನಿಗೆ ಅವತ್ತು ತಲೆ ಸುತ್ತಿರಲೇ ಇಲ್ಲ ಎಂದು ನಾನು ಹೇಳದ ಹೊರತು ಆ ಬೆಲ್ಟ್ ಬಿಚ್ಚುವುದಿಲ್ಲ. ಅದು ತಿಳಿದ ಮೇಲೂ ದಿನ ದೂಡಿದೆ. ಎಷ್ಟು ದೂಡಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ.

ಕಳೆದ ಆಯುಧಪೂಜೆಯ ದಿನ ಹೇಳಿದೆ. ಪ್ರತಿ ವರ್ಷ ಏಣಿಯನ್ನು ಅವನ ಮನೆಗೇ ಒಯ್ಯುತ್ತೇನೆ, ಅರಿಶಿನ ಕುಂಕುಮ ತಾನೇ ಹಚ್ಚಬೇಕು ಎಂದು ಅವನ ಆಸೆ. ಏಣಿಯನ್ನು ನೆಟ್ಟಗೆ ನಿಲ್ಲಿಸಿದರೆ ಅವನು ತಲೆ ಎತ್ತಬೇಕಾಗುತ್ತದೆ, ಅದಕ್ಕೆ ಅಂಗಳದಲ್ಲಿ ಅಡ್ಡ ಮಲಗಿಸುತ್ತೇವೆ. ಅವನು ಮಣೆ ಹಾಕಿಕೊಂಡು ಕೂತು, ಒಂದೊಂದೇ ಮೆಟ್ಟಿಲಿಗೆ ಕುಂಕುಮ ಇಡುತ್ತಾ ಸರಿಯುತ್ತಿದ್ದ. ನಾನು ಹೂವಿನ ತಟ್ಟೆ ಹಿಡಿದು ಎದುರಿಗೆ ಕೂತಿದ್ದೆ.

"ಅಣ್ಣ, ಅವತ್ತು ತಲೆ ಸುತ್ತಿದ್ದು ನಿಂಗಲ್ಲ. ನಂಗೆ. ಏಣಿ ಬಿಟ್ಟೋನು ನಾನು. ಕಂಬ ಹಿಡ್ಕೊಂಡುಬುಟ್ಟೆ."

ಅವನ ಬೆರಳು ನಿಂತಿತು. ಬಯ್ಯುತ್ತಾನೆ, ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿ ಎಂದೇ ಕಾದೆ. ಅವನು ಕುಂಕುಮದ ಕೈಯಲ್ಲೇ ನನ್ನ ಮಂಡಿ ತಟ್ಟಿದ. ಕಣ್ಣು ತುಂಬಿಕೊಂಡಿತ್ತು.

"ನಂಗೊತ್ತಿತ್ತು ಕಣೋ, ಯಾವತ್ತೋ ಒಂದಿನ ನೀನು ಹಿಂಗೇ ಅಂತೀಯ ಅಂತ. ನನ್ ಮನ್ಸು ಹಗುರ ಆಗ್ಲಿ ಅಂತ ನಿನ್ ಮೇಲೆ ಹಾಕೋತಾ ಇದೀಯ. ನಿನ್ನಂಥೋನು ಸಿಕ್ಕಾದು ನನ್ ಪುಣ್ಯ."

ಇಲ್ಲಣ್ಣ, ಸತ್ಯ ಎಂದೆ. ದೇವರ ಮೇಲೆ ಆಣೆ ಎಂದೆ. ಬಸ್ಸು, ನಡುಕ, ನೆಲ ನೋಡುತ್ತಿದ್ದದ್ದು, ಡಾಕ್ಟರ ಹತ್ತಿರ ಒಪ್ಪಿಸಿದ್ದು, ಎಲ್ಲವನ್ನೂ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ, ಹಿಂದೆ ನನಗೆ ಕೆಲಸ ಕಲಿಸುವಾಗ ಇದ್ದ ಹಾಗೆಯೇ. ಆಮೇಲೆ ಒಂದೇ ಒಂದು ಮಾತು ಕೇಳಿದ.

"ನಂಗೆ ಈಗ್ಲೂ ಸುತ್ತತದಲ್ಲ ಮಾದೇವ. ಅದೂ ಸುಳ್ಳಾ?"

ಅದು ಸುಳ್ಳಲ್ಲ. ನಾನು ಹೇಳಿದ ಸುಳ್ಳು ಅವನ ಮೈಯಲ್ಲಿ ನಿಜವಾಗಿ ಕೂತುಬಿಟ್ಟಿದೆ. ಹಬ್ಬದ ದಿನ ಇಂಥ ಮಾತು ಬೇಡ ಎಂದು ಹೇಳಿ ಅವನು ಮುಂದಿನ ಮೆಟ್ಟಿಲಿಗೆ ಕುಂಕುಮ ಇಟ್ಟ.

ಹೊರಟಾಗ ಜಯಮ್ಮ ಅತ್ತಿಗೆ ಗೇಟಿನ ತನಕ ಬಂದರು. ನಡುಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಧ್ವನಿ ಏರಿಸಲಿಲ್ಲ.

"ಅವ್ರು ನಂಬಲ್ಲ. ನಾನು ನಂಬ್ತೀನಿ. ಮಗ್ಗುಲು ಬದಲಿಸಿದ್ರೆ ಸೂರು ತಿರುಗತದೆ ಅಂತ ಆಸ್ಪತ್ರೇಲಿ ಹೇಳಿದ್ರಲ್ಲ, ಪಕ್ಕದಲ್ಲಿ ಮಲಗೋ ನಂಗೇ ಗೊತ್ತಿಲ್ದಿದ್ದು ನಿಮಗೆಂಗೆ ಗೊತ್ತು ಅಂತ ಅವತ್ತೇ ಅನ್ಕೊಂಡೆ."

ಇಷ್ಟು ವರ್ಷ ಯಾಕೆ ಕೇಳಲಿಲ್ಲ ಅತ್ತಿಗೆ ಎಂದೆ. ಅವರು ರಸ್ತೆಯ ಕಡೆ ನೋಡುತ್ತಾ, ಕೇಳಿದ್ದರೆ ನೀವೂ ಬರುವುದು ಬಿಡುತ್ತಿದ್ದಿರಿ, ಉಳಿದವರೆಲ್ಲ ಆಗಲೇ ಬಿಟ್ಟಿದ್ದರು, ನಮ್ಮ ಯಜಮಾನರಿಗೆ ಇನ್ಯಾರಿದ್ದಾರೆ ಅಂದರು. ಇನ್ನೊಂದು ಸಲ ಅವರ ಮುಂದೆ ಈ ಮಾತು ಎತ್ತಬೇಡಿ, ಅವರಿಗೆ ಉಳಿದಿರುವುದು ನಿಮ್ಮ ಮೇಲಿನ ನಂಬಿಕೆ ಒಂದೇ, ಅದನ್ನೂ ಕಿತ್ತುಕೊಳ್ಳಬೇಡಿ, ಬರುವುದನ್ನು ನಿಲ್ಲಿಸಬೇಡಿ ಅಂದರು. ಕ್ಷಮಿಸಿದ್ದೇನೆ ಅನ್ನಲಿಲ್ಲ. ಕ್ಷಮಿಸಿಲ್ಲ ಎಂದು ಅವರ ಮುಖದಲ್ಲಿತ್ತು. ಗೇಟು ಹಾಕಿಕೊಂಡು ಒಳಗೆ ಹೋದರು.

ಅವರು ಹೇಳಿದ ಹಾಗೆಯೇ ನಡೆಯುತ್ತಿದ್ದೇನೆ. ವಾರಕ್ಕೊಮ್ಮೆ ಸಿದ್ದಣ್ಣನನ್ನು ಸರಸ್ವತಿಪುರಂಗೆ ಕತ್ತಿನ ವ್ಯಾಯಾಮಕ್ಕೆ ಕರೆತರುತ್ತೇನೆ. ಗುಣ ಆಗುತ್ತದೆ ಎಂಬ ಆಸೆ ಅವನಿಗಿಲ್ಲ, ನಿಜ ಹೇಳಬೇಕೆಂದರೆ ನನಗೂ ಇಲ್ಲ. ಅಲ್ಲಿ ಬೆಲ್ಟ್ ಬಿಚ್ಚುತ್ತಾನೆ, ಹೊರಗೆ ಬಂದು ಮತ್ತೆ ಹಾಕಿಕೊಳ್ಳುತ್ತಾನೆ. ಅವನಿಗೆ ಗೊತ್ತಾಗದ ಸತ್ಯವನ್ನು ಇಲ್ಲಿ ನಿಮಗೆ ಹೇಳುತ್ತಿದ್ದೇನೆ. ನೀವು ನಂಬಿದರೆ ಅವನಿಗೇನೂ ಆಗಬೇಕಾದ್ದಿಲ್ಲ. ನನಗೂ ಇಲ್ಲ.

ಹೋದ ವಾರ ಅವನು ಬಿದ್ದ ಆ ರಸ್ತೆಯಲ್ಲೇ ಈ ಸಲದ ದಸರಾದ ಸರ ಕಟ್ಟುತ್ತಿದ್ದರು. ಸಿದ್ದಣ್ಣ ನನ್ನ ಮೊಣಕೈ ಹಿಡಿದು, ಕಣ್ಣು ನೆಲದ ಮೇಲಿಟ್ಟು ನಡೆಯುತ್ತಿದ್ದ. ಏಣಿಯ ಸದ್ದು ಕೇಳಿ ನಿಂತ. ಮ್ಯಾಲೆ ಯಾವ ಕಲರ್ ಹಾಕವ್ರೆ ಎಂದು ಕೇಳಿದ. ನಾನು ತಲೆ ಎತ್ತಿ ನೋಡಿದೆ. ಈಗ ನನಗೆ ಏನೂ ಆಗುವುದಿಲ್ಲ. ಹಳದಿ ಅಣ್ಣ, ಮಧ್ಯೆ ಮಧ್ಯೆ ಕೆಂಪು ಎಂದೆ. ಚೆನ್ನಾಗಿರತದೆ ಎಂದ. ಅಷ್ಟರಲ್ಲಿ ಸಿಟಿ ಬಸ್ಸೊಂದು ಪಕ್ಕದಲ್ಲೇ ಹೋಯಿತು. ಅವನು ಬೆಚ್ಚಿ, ಎರಡೂ ಕೈಯಲ್ಲಿ ನನ್ನ ತೋಳು ಹಿಡಿದುಕೊಂಡ.

"ಬುಟ್ಟುಬುಡಬ್ಯಾಡ ಕಣೋ."

ಇಲ್ಲಣ್ಣ, ಹಿಡ್ಕೊಂಡಿದೀನಿ ಎಂದೆ. ಅವನು ನಂಬಿದ.